ಈ ಮರದ ಕೆಲಸ ಮುಗಿಯಿತು ಅಂತ ಹೇಳುವವರು ಯಾರು?

ಕ್ಯಾಲಿಫೋರ್ನಿಯಾದಲ್ಲಿದ್ದಾಗ ಗೆಳೆಯನ ಜೊತೆ ಅವನ ಪರಿಚಯದವರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ದೊಡ್ಡ ಮನೆ. ಹಾಲ್‌ನಲ್ಲಿ, ಟಿವಿಗೂ ಕಿಟಕಿಗೂ ನಡುವೆ, ಹೆಚ್ಚುಕಮ್ಮಿ ನನ್ನಷ್ಟೇ ಎತ್ತರದ ಒಂದು ಮರದ ಹಲಗೆ ನಿಂತಿತ್ತು. ಮೇಲೆ ಚಪ್ಪಟೆಯಾದ ದುಂಡು ತಲೆ, ಗಿಡ್ಡ ಕುತ್ತಿಗೆ, ಅಲ್ಲಿಂದ ಕೆಳತನಕ ಒಂದೇ ಸಮನೆ ಮೈ. ಕೈಯಿಲ್ಲ, ಕಾಲಿಲ್ಲ. ಮೈತುಂಬ ಚಿಕ್ಕಚಿಕ್ಕ ತ್ರಿಕೋನಗಳನ್ನು ಸಾಲುಸಾಲಾಗಿ ಕೆತ್ತಿದ್ದರು. ಕೆಲವು ಗುಳಿಗಳಲ್ಲಿ ಇನ್ನೂ ಬಿಳಿ ಬಣ್ಣ, ಕೆಂಪು ಬಣ್ಣ ಉಳಿದುಕೊಂಡಿತ್ತು. ಬುಡವನ್ನು ಒಂದು ಕಪ್ಪು ಕಬ್ಬಿಣದ ಸ್ಟ್ಯಾಂಡಿಗೆ ಸ್ಕ್ರೂ ಹಾಕಿ ಬಿಗಿದಿದ್ದರು. ಮೇಲಿಂದ ಒಂದು ಸಣ್ಣ ಲೈಟು. ನನ್ನ ಕಣ್ಣು ಹೋಗಿ ನಿಂತದ್ದು ಬುಡದ ಮೇಲೆ. ಕೆಳಗಿನ ಒಂದು ಮೊಳದಷ್ಟು ಭಾಗದ ಬಣ್ಣವೇ ಬೇರೆ. ಅಲ್ಲಿ ಕೆತ್ತನೆ ಇಲ್ಲ, ಮರ ಒರಟೊರಟು, ಕಪ್ಪಗೆ ತಿಂದುಹೋದಂತೆ. ಅಂದರೆ ಅಷ್ಟು ಭಾಗ ಮಣ್ಣಿನೊಳಗಿತ್ತು. ಯಾರೋ ಇದನ್ನು ನೆಟ್ಟಿದ್ದರು, ಯಾರೋ ಕಿತ್ತಿದ್ದರು.

ಮನೆಯವರು ಒಳ್ಳೆಯವರು, ಕೇಳಿದ್ದಕ್ಕೆ ಖುಷಿಯಿಂದಲೇ ಹೇಳಿದರು. ಕೀನ್ಯಾದ್ದು, ಗಿರಿಯಾಮ ಜನರದ್ದು, ಸತ್ತುಹೋದ ಹಿರಿಯರ ನೆನಪಿಗೆ ನಿಲ್ಲಿಸುವ ಕಂಬ. "ಕದ್ದದ್ದಲ್ಲ, ಆ ಊರಿನವರು ಬಿಟ್ಟುಹೋದದ್ದು. ಊರು ಬದಲಾಯಿಸುವಾಗ ಅವರು ಇದರ ಶಕ್ತಿ ತೆಗೆದುಬಿಡುತ್ತಾರೆ, ಆಮೇಲೆ ಇದು ಬರೀ ಮರ" ಅಂದರು. ಅವರಿಗೆ ಮಾರಿದವರು ಹಾಗೆ ಹೇಳಿದ್ದರಂತೆ. ಊಟ ಮುಗಿಸಿ ಬಂದೆವು. ಆದರೆ ಆ ಮಾತು ಹಲ್ಲಿಗೆ ಸಿಕ್ಕಿಕೊಂಡ ನಾರಿನ ಹಾಗೆ ಉಳಿದುಬಿಟ್ಟಿತು. ಯಾಕಂದರೆ ಅದು ಪೂರ್ತಿ ಸುಳ್ಳಲ್ಲ. ಆಮೇಲೆ ಓದಿಕೊಂಡಾಗ ಗೊತ್ತಾಯಿತು, ಅದರಲ್ಲಿ ಅರ್ಧ ನಿಜ ಇದೆ. ಈ ಬರಹ ಇನ್ನರ್ಧದ ಬಗ್ಗೆ.

ಚಳಿ ಆಗ್ತಿದೆ ಅನ್ನುವ ಅಜ್ಜ

ಕೀನ್ಯಾದ ಕರಾವಳಿಯಲ್ಲಿ, ಮೊಂಬಾಸಾದ ಆಚೀಚೆ, ಮಿಜಿಕೆಂಡಾ ಅಂತ ಒಟ್ಟಾಗಿ ಕರೆಸಿಕೊಳ್ಳುವ ಒಂಬತ್ತು ಜನಾಂಗಗಳಿವೆ. ಗಿರಿಯಾಮರು ಅವರಲ್ಲಿ ದೊಡ್ಡ ಗುಂಪು. ತೆಂಗು, ಗೋಡಂಬಿ, ಮಾವು ಬೆಳೆಯುವ ನೆಲ. ನಮ್ಮ ಕರಾವಳಿಯವರಿಗೆ ಫೋಟೊ ತೋರಿಸಿದರೆ ಇದು ಯಾವ ಊರು ಅಂತ ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಇವರ ಹಳೆಯ ಊರುಗಳು ಕಾಡಿನ ನಡುವೆ ಕೋಟೆ ಕಟ್ಟಿಕೊಂಡ ಹಾಗೆ ಇದ್ದವು. ಅವನ್ನು ಕಾಯಾ ಅನ್ನುತ್ತಾರೆ. ಜನ ಈಗ ಅಲ್ಲಿ ವಾಸ ಇಲ್ಲ, ಕಾಡು ಮಾತ್ರ ಉಳಿದಿದೆ. ಹಿರಿಯರು ಅಲ್ಲೇ ಇದ್ದಾರೆ ಅನ್ನುವ ನಂಬಿಕೆಯಿಂದ ಅಲ್ಲಿ ಕೊಡಲಿ ಹಾಕುವ ಹಾಗಿಲ್ಲ. 2008ರಲ್ಲಿ ಇವುಗಳಲ್ಲಿ ಕೆಲವು ಕಾಡುಗಳು ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಹಿರಿಯರ ಜಾಗಕ್ಕೆ ಎಷ್ಟು ತೂಕ ಇತ್ತು ಅಂತ ಬ್ರಿಟಿಷರಿಗೂ ಚೆನ್ನಾಗಿ ಗೊತ್ತಿತ್ತು. ಮೆಕಟಿಲಿಲಿ ಅನ್ನುವ ಗಿರಿಯಾಮ ಹೆಂಗಸು 1913ರಲ್ಲಿ ತೆರಿಗೆ ಕೊಡಬೇಡಿ, ಕೂಲಿಗೆ ಆಳು ಕಳಿಸಬೇಡಿ ಅಂತ ಜನರನ್ನು ಎಬ್ಬಿಸಿದಾಗ, ಮರುವರ್ಷ ಬ್ರಿಟಿಷರು ಮಾಡಿದ ಕೆಲಸಗಳಲ್ಲಿ ಒಂದು, ಗಿರಿಯಾಮರ ಮುಖ್ಯ ಕಾಯಾಕ್ಕೆ ಡೈನಮೈಟ್ ಇಟ್ಟು ಸಿಡಿಸಿದ್ದು.

ಕಂಬದ ಹೆಸರು ಕಿಗಾಂಗೊ. ಒಂದಕ್ಕಿಂತ ಜಾಸ್ತಿ ಇದ್ದರೆ ವಿಗಾಂಗೊ. ಇದು ಎಲ್ಲರಿಗೂ ಸಿಗುವ ಗೌರವ ಅಲ್ಲ. ಗೊಹು ಅಂತ ಉಳ್ಳವರ, ಊರಲ್ಲಿ ಮಾತು ನಡೆಯುವ ಹಿರಿಯರ ಒಂದು ಕೂಟ ಇದೆ. ಅದಕ್ಕೆ ಸೇರಿದ್ದ ಗಂಡಸರಿಗೆ ಈ ದೊಡ್ಡ ಕಂಬ. ಉಳಿದವರ ನೆನಪಿಗೆ ಗೇಣುದ್ದದ, ಕೆತ್ತನೆ ಕಮ್ಮಿ ಇರುವ ಗೂಟಗಳು. (ಸತ್ತ ಮೇಲೂ ಅಂತಸ್ತು ಬಿಡುವುದಿಲ್ಲ. ಇದರಲ್ಲಿ ನಮಗೇನೂ ಆಶ್ಚರ್ಯ ಆಗಬೇಕಿಲ್ಲ.)

ನನಗೆ ತುಂಬ ಹಿಡಿಸಿದ್ದು ಏನಂದರೆ, ಮನುಷ್ಯ ಸತ್ತ ಕೂಡಲೇ ಕಂಬ ನೆಡುವುದಿಲ್ಲ. ಅವನೇ ಬಂದು ಕೇಳಬೇಕು. ವರ್ಷಗಳಾದ ಮೇಲೆ ಮಗನ ಕನಸಿನಲ್ಲೋ ತಮ್ಮನ ಕನಸಿನಲ್ಲೋ ಬರುತ್ತಾನೆ. ಚಳಿ ಆಗ್ತಿದೆ, ಮೈಮೇಲೆ ಬಟ್ಟೆ ಇಲ್ಲ, ನನಗೊಂದು ಮನೆ ಇಲ್ಲ ಅನ್ನುತ್ತಾನೆ. ಇಲ್ಲವಾದರೆ ಮನೆಯಲ್ಲಿ ಒಂದರ ಹಿಂದೆ ಒಂದು ಕಾಯಿಲೆ, ಬೆಳೆ ಕೈಕೊಡುವುದು. ಆಗ ನಿಮಿತ್ತ ನೋಡುವವರ ಹತ್ತಿರ ಹೋಗುತ್ತಾರೆ. ಯಾರು ಕೇಳುತ್ತಿದ್ದಾರೆ, ಏನು ಕೇಳುತ್ತಿದ್ದಾರೆ ಅಂತ ಅವರು ಹೇಳಿದ ಮೇಲೆ ಖರ್ಚಿನ ಲೆಕ್ಕ ಶುರು. ಗೆದ್ದಲು ಸುಲಭಕ್ಕೆ ಹಿಡಿಯದ ಗಟ್ಟಿ ಮರ ಹುಡುಕಬೇಕು, ಕೆತ್ತುವವರನ್ನು ಕರೆಸಬೇಕು, ಕೂಟದ ಹಿರಿಯರಿಗೆಲ್ಲ ಊಟ, ಕಳ್ಳು, ಮೇಕೆ. ನೆಟ್ಟ ಮೇಲೆ ಬಟ್ಟೆಯ ಪಟ್ಟಿ ಕಟ್ಟುತ್ತಾರೆ, ಚಳಿ ಅಂದಿದ್ದನಲ್ಲ. ಬುಡಕ್ಕೆ ತೆಂಗಿನ ಕಳ್ಳು ಸುರಿಯುತ್ತಾರೆ. ಆಮೇಲೆ ಆ ಕಂಬವನ್ನು ಅಲ್ಲಿಂದ ಅಲುಗಿಸುವ ಹಾಗಿಲ್ಲ.

ಅಲುಗಿಸುವ ಹಾಗಿಲ್ಲ ಅಂದರೆ, ಮನೆ ಬದಲಾಯಿಸಿದಾಗ? ಗಿರಿಯಾಮರು ಹೊಲ ಸೋತಾಗ ಬೇರೆ ಕಡೆ ಹೋಗಿ ಮನೆ ಕಟ್ಟಿಕೊಳ್ಳುತ್ತಿದ್ದ ಜನ. ಹಾಗೆ ಹೋಗುವಾಗ ಕಂಬವನ್ನು ಕೀಳುವುದಿಲ್ಲ. ಚಿಕ್ಕದೊಂದು ಮರದ ತುಂಡು ಮಾಡಿಸಿ, ಹಿರಿಯ ಇನ್ನು ಇದರ ಜೊತೆ ಬರಲಿ ಅಂತ ಕೇಳಿಕೊಂಡು ಅದನ್ನು ಹೊಸ ಜಾಗಕ್ಕೆ ಒಯ್ಯುತ್ತಾರೆ. ಹಳೆಯದು ಹಳೆಯ ಹಿತ್ತಲಲ್ಲೇ ನಿಂತಿರುತ್ತದೆ. ಬಿಸಿಲು, ಮಳೆ. ವಾಲುತ್ತದೆ, ಬೀಳುತ್ತದೆ, ಒಂದು ದಿನ ಮಣ್ಣಾಗುತ್ತದೆ.

ಡೀಲರ್‌ಗಳ ಕಥೆ ಹುಟ್ಟಿದ್ದು ಇಲ್ಲಿಂದ. ಬಿಟ್ಟುಹೋದದ್ದು ಅಂದರೆ ಯಾರದ್ದೂ ಅಲ್ಲ ಅಂತ ಅವರು ಅರ್ಥ ಮಾಡಿಕೊಂಡರು, ಅಥವಾ ಹಾಗೆ ಅರ್ಥ ಮಾಡಿಕೊಳ್ಳುವುದು ಲಾಭಕ್ಕೆ ಬಂತು. ಯೋಚನೆ ಮಾಡಿ. ನಿಮ್ಮ ಕುಟುಂಬ ಬೆಂಗಳೂರಿಗೆ ಬಂದು ಮೂವತ್ತು ವರ್ಷ ಆಗಿದೆ, ಊರಿನ ತೋಟದ ಮೂಲೆಯಲ್ಲಿ ಅಜ್ಜನ ಸಮಾಧಿ ಇದೆ. ನೀವು ದೀಪ ಹಚ್ಚಿ ಎಷ್ಟೋ ಕಾಲ ಆಯಿತು. ಅದರ ಕಲ್ಲನ್ನು ಯಾರಾದರೂ ಎತ್ತಿಕೊಂಡು ಹೋದರೆ 'ಪರವಾಗಿಲ್ಲ ಬಿಡಿ, ನಾವು ಬಳಸ್ತಿರಲಿಲ್ಲ' ಅನ್ನುತ್ತೀರಾ?

ಒಂದು ಫೋಟೊ

ಮೋನಿಕಾ ಉಡ್ವಾರ್ಡಿ ಅಂತ ಅಮೆರಿಕದ ಮಾನವಶಾಸ್ತ್ರಜ್ಞೆ. 1985ರಲ್ಲಿ ಮಿಜಿಕೆಂಡಾ ಊರುಗಳಲ್ಲಿ ಕೆಲಸ ಮಾಡುತ್ತಿದ್ದರು. ಒಬ್ಬ ಹಿರಿಯರ ಮನೆಗೆ ಹೋದಾಗ, ಅವರು ತೀರಿಹೋದ ತಮ್ಮ ಅಣ್ಣತಮ್ಮಂದಿರ ಹೆಸರಲ್ಲಿ ನಿಲ್ಲಿಸಿದ್ದ ಎರಡು ಕಂಬಗಳ ಮುಂದೆ ಆ ಹಿರಿಯರದ್ದೊಂದು ಫೋಟೊ ತೆಗೆದರು. ಕೆಲವು ತಿಂಗಳಾದ ಮೇಲೆ ಫೋಟೊ ಕೊಡಲು ಹೋದರೆ ಕಂಬಗಳೇ ಇಲ್ಲ. ಕದ್ದುಕೊಂಡು ಹೋಗಿದ್ದಾರೆ, ಹುಡುಕಿಕೊಡಿ ಅಂತ ಆ ಹಿರಿಯರು ಕೇಳಿಕೊಂಡರು. ಇದನ್ನು ಗಮನಿಸಿ: ಈ ಕಂಬಗಳು ಬಿಟ್ಟುಹೋದವಲ್ಲ. ನಿಲ್ಲಿಸಿದ ಮನುಷ್ಯ ಅದೇ ಅಂಗಳದಲ್ಲಿ ಓಡಾಡಿಕೊಂಡಿದ್ದ. ಉಡ್ವಾರ್ಡಿ ಫೋಟೊ ಹಿಡಿದುಕೊಂಡು ಮೊಂಬಾಸಾದ ಟೂರಿಸ್ಟ್ ಅಂಗಡಿಗಳನ್ನು ಸುತ್ತಿದರು. ಸಿಗಲಿಲ್ಲ. ಎರಡು ವರ್ಷದಲ್ಲಿ ಆ ಹಿರಿಯರೂ ತೀರಿಕೊಂಡರು.

1999ರಲ್ಲಿ ಅಮೆರಿಕದಲ್ಲಿ ಆಫ್ರಿಕಾ ಅಧ್ಯಯನದವರ ಒಂದು ಸಮ್ಮೇಳನ. ಲಿಂಡಾ ಜೈಲ್ಸ್ ಅನ್ನುವ ಇನ್ನೊಬ್ಬ ವಿದ್ವಾಂಸೆ ಇಲಿನಾಯ್‌ನ ಒಂದು ಮ್ಯೂಸಿಯಂನಲ್ಲಿದ್ದ ವಿಗಾಂಗೊಗಳ ಬಗ್ಗೆ ಮಾತಾಡುತ್ತ ಸ್ಲೈಡ್ ತೋರಿಸುತ್ತಿದ್ದರು. ಅದರಲ್ಲೊಂದು ಉಡ್ವಾರ್ಡಿಗೆ ಗುರುತು ಸಿಕ್ಕಿತು. ಕತ್ತಲ ಕೋಣೆಯಲ್ಲಿ ಪರದೆ ಮೇಲೆ ಬಂದುಹೋಗುವ ಚಿತ್ರದಲ್ಲಿ, ಹದಿನಾಲ್ಕು ವರ್ಷ ಹಿಂದೆ ಯಾರದೋ ಅಂಗಳದಲ್ಲಿ ನೋಡಿದ್ದ ಕಂಬ. ಹೇಗೆ ಸಾಧ್ಯ ಅಂದರೆ, ಒಂದು ಕಂಬ ಇನ್ನೊಂದರ ಹಾಗೆ ಇರುವುದಿಲ್ಲ. ತಲೆಯ ಆಕಾರ, ತ್ರಿಕೋನಗಳ ಲೆಕ್ಕ, ಎಲ್ಲವೂ ಬೇರೆಬೇರೆ. ನಮ್ಮ ಕಣ್ಣಿಗೆ ಎಲ್ಲವೂ 'ಆಫ್ರಿಕನ್ ಆರ್ಟ್', ಅವರಿಗೆ ಇದು ಅಣ್ಣ, ಅದು ತಮ್ಮ. ಫೋಟೊ ಇಟ್ಟು ಹೋಲಿಸಿದರು, ಅದೇ ಹೌದು. ಜೋಡಿಯಲ್ಲಿ ಎರಡನೆಯದು ವರ್ಜೀನಿಯಾದ ಹ್ಯಾಂಪ್ಟನ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಸಿಕ್ಕಿತು. 2007ರಲ್ಲಿ ಎರಡೂ ಮತ್ತೆ ಆ ಕುಟುಂಬದ ಕೈ ಸೇರಿದವು.

ಈ ಇಬ್ಬರು ಹೆಂಗಸರು ಆಮೇಲೂ ಸುಮ್ಮನೆ ಕೂರಲಿಲ್ಲ. ಅಮೆರಿಕದ ಹತ್ತಿಪ್ಪತ್ತು ಮ್ಯೂಸಿಯಂಗಳಲ್ಲೇ ಇಂಥ ಸುಮಾರು 400 ಕಂಬಗಳು ಇವೆ ಅಂತ ಪತ್ತೆ ಮಾಡಿದರು. ಮನೆಗಳಲ್ಲಿರುವುದು ಬೇರೆ. ನಾನು ನೋಡಿದಂಥವು. ಎಪ್ಪತ್ತು ಎಂಬತ್ತರ ದಶಕದಲ್ಲಿ ಕೀನ್ಯಾ ಕರಾವಳಿಗೆ ಟೂರಿಸ್ಟ್ ಹೋಟೆಲುಗಳು ಬಂದವು, ಆಗಲೇ ಅಮೆರಿಕದಲ್ಲಿ ಇವಕ್ಕೆ ಗ್ಯಾಲರಿ ಹುಟ್ಟಿಕೊಂಡಿತು. ಹಾಲಿವುಡ್‌ನವರು ಕೊಂಡರು, ಕೊಂಡವರಲ್ಲಿ ಕೆಲವರು ಮ್ಯೂಸಿಯಂಗಳಿಗೆ ದಾನ ಕೊಟ್ಟರು.

ಆದರೆ ಕಿತ್ತವರು ಯಾರು? ಹಡಗಲ್ಲಿ ಬಂದ ಬಿಳಿಯರಲ್ಲ. ಬಹುಪಾಲು ಅದೇ ಊರುಗಳ, ಕೆಲಸ ಇಲ್ಲದ ಹುಡುಗರು. ರಾತ್ರಿ ಕಿತ್ತು ಅಂಗಡಿಯವರಿಗೆ ಕೊಟ್ಟರೆ ನಾಲ್ಕು ಕಾಸು ಸಿಗುತ್ತಿತ್ತು. ಅದೇ ಕಂಬ ಗ್ಯಾಲರಿಯಲ್ಲಿ ಸಾವಿರಾರು ಡಾಲರ್. ಆ ಹುಡುಗರಲ್ಲಿ ಎಷ್ಟೋ ಜನರಿಗೆ ಅಜ್ಜಂದಿರ ಈ ನಂಬಿಕೆಗಳು ಬೇಡವಾಗಿದ್ದವು. ಚರ್ಚಿಗೋ ಮಸೀದಿಗೋ ಹೋಗುವವರಿಗೆ ಕಂಬಕ್ಕೆ ಕಳ್ಳು ಸುರಿಯುವುದು ಸೈತಾನನ ಕೆಲಸ. ಇದೇ ಕರಾವಳಿಯ ಕಿಲಿಫಿ ಕಡೆ ಈಗ ತಲೆ ನರೆತ ಮುದುಕರನ್ನು ಮಾಟಗಾರರು ಅಂತ ದೂರಿ ಕೊಲ್ಲುವುದು ನಡೆಯುತ್ತಿದೆ. ಅದರ ಹಿಂದೆ ಎಷ್ಟೋ ಸಲ ಇರುವುದು ಜಮೀನಿನ ಜಗಳ. ಆದ್ದರಿಂದ 'ಹಿರಿಯರನ್ನು ಪೂಜಿಸುವ ಮುಗ್ಧ ಜನ, ದೋಚಿದ ದುಷ್ಟ ಅಮೆರಿಕ' ಅಂತ ಬರೆದು ಕೈತೊಳೆದುಕೊಳ್ಳಲು ನನಗಂತೂ ಆಗುವುದಿಲ್ಲ. ಕೀಳುವವನಿಗೆ ಬೇಡವಾಗಿತ್ತು, ಕೊಳ್ಳುವವನಿಗೆ ಬೇಕಾಗಿತ್ತು. ನೆಟ್ಟವನನ್ನು ಮಾತ್ರ ಯಾರೂ ಕೇಳಲಿಲ್ಲ.

ನಮ್ಮ ಕಡೆಯ ಉರು

ಕೇಳುವುದು ಅಂದಾಗ ನನಗೆ ನೆನಪಾಗುವುದು ಕುಂದಾಪುರದ ಕಡೆ ನಮ್ಮ ಅಮ್ಮನ ಊರಿನ ದೈವಸ್ಥಾನ. ಅಲ್ಲಿ ಜೀರ್ಣೋದ್ಧಾರ ನಡೆದಾಗ ಮಾವ ಕಮಿಟಿಯಲ್ಲಿದ್ದರು. ಹಳೆಯ ಮರದ ಉರುಗಳು, ಅಂದರೆ ದೈವದ ಮೂರ್ತಿಗಳು, ಹಾಳಾಗಿದ್ದವು. ಹಲಸಿನ ಮರದ್ದು. ಒಂದರ ಪಾದವನ್ನು ಗೆದ್ದಲು ತಿಂದು ಬರೀ ಸಿಪ್ಪೆ ಉಳಿದಿತ್ತು. ಎದೆಯ ಮೇಲೆ ಬಣ್ಣ ಎದ್ದುಹೋದ ಕಡೆ ಕೆಂಪಿನ ಕೆಳಗೆ ಹಳದಿ, ಹಳದಿಯ ಕೆಳಗೆ ಮತ್ತೊಂದು ಕೆಂಪು ಕಾಣುತ್ತಿತ್ತು. ಎಷ್ಟು ತಲೆಮಾರು ಬಳಿದಿದ್ದರೋ. ಕಣ್ಣು ಮಾತ್ರ ಹಾಗೇ ಇತ್ತು, ದೊಡ್ಡದಾಗಿ, ಬಿಟ್ಟ ಹಾಗೆ. ಹೊಸ ಉರು ಬಂದು, ಪ್ರತಿಷ್ಠೆಯೆಲ್ಲ ಮುಗಿದು, ಹಳೆಯವನ್ನು ಬಿಳಿ ಪಂಚೆಯಲ್ಲಿ ಸುತ್ತಿ ಪಕ್ಕದ ಕೋಣೆಯಲ್ಲಿ ಮಲಗಿಸಿದ್ದರು.

ಆಗ ಬೈಕಲ್ಲಿ ಒಬ್ಬ ಬಂದ. ಇಂಥ ಸಾಮಾನು ಹುಡುಕಿಕೊಂಡು ಊರೂರು ತಿರುಗುವವನು. ಮಾತು ಬಲ್ಲವನು, ಗೌರವದಿಂದಲೇ ಮಾತಾಡಿದ. ಹೇಳಿದ ರೇಟು ಕೇಳಿ ಕಮಿಟಿಯಲ್ಲಿ ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ಎದುರಿನ ಚಪ್ಪರಕ್ಕೆ ಶೀಟು ಹಾಕಿಸಲು ದುಡ್ಡಿರಲಿಲ್ಲ, ಅದಕ್ಕೆ ಸರೀ ಆಗುತ್ತಿತ್ತು. ಒಬ್ಬರು ಅಂದರು, ಹೊಸದಕ್ಕೆ ಜೀವ ತುಂಬಿ ಆಯಿತಲ್ಲ, ಹಳೇದು ಇನ್ನು ಬರೀ ಮರ. ಇನ್ನೊಬ್ಬರು, ಹಾಗಾದರೆ ಒಲೆಗೆ ಹಾಕು ನೋಡುವ ಅಂದರು. ಯಾರೂ ಹಾಕಲಿಲ್ಲ, ಅಲ್ವಾ. ಕೊನೆಗೆ ದರ್ಶನದಲ್ಲಿ, ಅಂದರೆ ಪಾತ್ರಿಯ ಮೈಮೇಲೆ ದೈವ ಬಂದಾಗ, ಕೇಳುವುದು ಅಂತಾಯಿತು. ಕೇಳಿದರು. ಪಾತ್ರಿ ಹೊಳೆ ತೋರಿಸಿದರು. ಮಳೆಗಾಲದ ಕೆಂಪು ನೀರಿಗೆ ಬಿಟ್ಟು ಬಂದರು. ಆ ಬೈಕಿನವನೂ ದಡದಲ್ಲಿ ನಿಂತಿದ್ದ, ಕೈ ಕಟ್ಟಿಕೊಂಡು, ಹೊಟ್ಟೆ ಉರಿದುಕೊಂಡು.

ಅಷ್ಟು ಚೆಂದದ ಕೆಲಸ ನೀರುಪಾಲಾಯಿತಲ್ಲ ಅಂತ ನನಗೂ ಹೊಟ್ಟೆ ಉರಿದಿತ್ತು. ಮಾರಿದ್ದರೆ ಏನಾಗುತ್ತಿತ್ತು ಮಾವ ಅಂತ ಕೇಳಿದ್ದಕ್ಕೆ ಅವರು, "ಮಾರುಕೇ ಆಗ ಅಂತಲ್ಲ ಮಾರಾಯ. ಕೇಳ್ದೆ ಮಾರುಕಾಗ" ಅಂದರು. ಮಾರಲೇಬಾರದು ಅಂತಲ್ಲ, ಕೇಳದೆ ಮಾರಬಾರದು.

ಮಾರಿದ್ದೂ ಇದೆ. ಉಡುಪಿ ಜಿಲ್ಲೆಯ ಶಿರಿಯಾರದ ಹತ್ತಿರ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನದಲ್ಲಿ ಸಾಲುಸಾಲು ಮರದ ಉರುಗಳಿವೆ, ನೋಡಿದವರಿಗೆ ಗೊತ್ತು. ಅಲ್ಲಿ 1960ರ ದಶಕದಲ್ಲಿ ಹೊಸ ಉರುಗಳನ್ನು ಕೆತ್ತಿಸಿದಾಗ ಹಳೆಯವು ದೆಹಲಿಗೆ ಹೋದವು. ಪ್ರಗತಿ ಮೈದಾನದ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿ ಇವೆ. ನಾನು ನೋಡಿದ್ದೇನೆ. ಬಾಗಿಲು ದಾಟಿದ ಕೂಡಲೇ ಆಳೆತ್ತರಕ್ಕಿಂತ ಮೇಲೆ ಎದ್ದುನಿಂತ ಆ ಆಕಾರಗಳನ್ನು ಕಂಡಾಗ ಕೈ ತಾನಾಗಿ ಮುಗಿಯಿತು, ಹಿಂದೆಯೇ ನಾಚಿಕೆ ಆಯಿತು, ಪಕ್ಕದಲ್ಲಿ ಶಾಲೆಯ ಮಕ್ಕಳು ಗಲಾಟೆ ಮಾಡುತ್ತಿದ್ದರು. ಒಳಗೊಳಗೇ ಸಮಾಧಾನವೂ ಆಯಿತು. ಅಲ್ಲಿ ಇಟ್ಟಿರದಿದ್ದರೆ ಆ ಕೆತ್ತನೆಯನ್ನು ನಾನು ಈ ಜನ್ಮದಲ್ಲಿ ನೋಡುತ್ತಿರಲಿಲ್ಲ. ಮ್ಯೂಸಿಯಂ ಬೇಡವೇ ಬೇಡ ಅನ್ನುವವರ ಗುಂಪಿಗೆ ನಾನು ಸೇರದೇ ಇರುವುದು ಇದಕ್ಕೇ.

ದೈವಗಳನ್ನೂ ಗಿರಿಯಾಮರ ಹಿರಿಯರನ್ನೂ ಒಂದೇ ಅನ್ನುತ್ತಿಲ್ಲ. ಕೋಟಿ ಚೆನ್ನಯರ ಹಾಗೆ ಮನುಷ್ಯರಾಗಿ ಹುಟ್ಟಿ, ಸತ್ತು ದೈವ ಆದವರು ಇದ್ದಾರೆ, ಆದರೆ ಹಂದಿ ರೂಪದ ಪಂಜುರ್ಲಿ ಯಾರ ಅಜ್ಜನೂ ಅಲ್ಲ. ನಿಜವಾಗಿ ಹತ್ತಿರ ಬರುವುದು ಕೊಡವರ ಕಾರಣವ, ಅಂದರೆ ಕುಲದ ಮೂಲಪುರುಷ, ಮತ್ತು ಐನ್‌ಮನೆಯ (ಕುಲದ ಮೂಲ ಮನೆಯ) ಹತ್ತಿರ ಅವನಿಗಿರುವ ಗುಡಿ ಕೈಮಡ. ಆದರೆ ನನ್ನ ಪ್ರಶ್ನೆ ಅದಲ್ಲ. ಒಂದು ಮರದ ಕೆಲಸ ಮುಗಿಯಿತು ಅನ್ನುವುದನ್ನು ಯಾರು ಹೇಳಬೇಕು ಅನ್ನುವುದು ಪ್ರಶ್ನೆ. ನಮ್ಮೂರಲ್ಲಿ ಅದನ್ನು ಹೇಳಲು ಒಂದು ಕ್ರಮ ಇತ್ತು, ಜಗಳ ಆಡಿಕೊಂಡಾದರೂ ಆ ಕ್ರಮದಲ್ಲಿ ಹೋದರು. ಗಿರಿಯಾಮರಲ್ಲೂ ಕ್ರಮ ಇದೆ. ಚಿಕ್ಕ ಮರ ಮಾಡಿಸಿ ಹಿರಿಯನನ್ನು ಕರೆದುಕೊಂಡು ಹೋಗುವುದೇ ಆ ಕ್ರಮ. ಅದಾದ ಮೇಲೂ ಹಳೆಯ ಕಂಬಕ್ಕೆ ಒಂದು ಕೆಲಸ ಉಳಿದಿರುತ್ತದೆ, ಅಲ್ಲೇ ನಿಂತು ಮಣ್ಣಾಗುವುದು. ಲೈಟು ಹಾಕಿ ನಿಲ್ಲಿಸಿಕೊಂಡವರು ತಪ್ಪಿಸಿದ್ದು ಅದನ್ನು. ಮ್ಯೂಸಿಯಂಗಳಂತೂ ಮರದ ಸಾಮಾನನ್ನು ಫ್ರೀಜರ್‌ನಲ್ಲಿಟ್ಟು ಅದರೊಳಗಿನ ಹುಳ ಸಾಯಿಸುತ್ತವೆ. ಚಳಿ ಅಂತ ಕನಸಲ್ಲಿ ಬಂದ ಅಜ್ಜನ ಕಂಬಕ್ಕೆ.

ವಾಪಸ್ ಕಳಿಸುವುದೂ ಸುಲಭ ಅಲ್ಲ

ಅಮೆರಿಕದಲ್ಲಿ 1990ರ ಒಂದು ಕಾಯ್ದೆ ಇದೆ, ಅಲ್ಲಿನ ಮೂಲ ನಿವಾಸಿಗಳ ಅಸ್ಥಿ, ಪೂಜೆಯ ವಸ್ತುಗಳನ್ನು ಮ್ಯೂಸಿಯಂಗಳು ಅವರಿಗೆ ಹಿಂದಿರುಗಿಸಬೇಕು ಅಂತ. ಕೀನ್ಯಾದವರಿಗೆ ಅದು ಅನ್ವಯ ಆಗುವುದಿಲ್ಲ. ಹಾಗಾಗಿ ಕೊಟ್ಟವರೆಲ್ಲ ಮನಸ್ಸು ಮಾಡಿ ಕೊಟ್ಟವರು. ಡೆನ್ವರ್‌ನ ನಿಸರ್ಗ ಮತ್ತು ವಿಜ್ಞಾನ ಮ್ಯೂಸಿಯಂ ತನ್ನಲ್ಲಿದ್ದ 30 ಕಂಬಗಳನ್ನು ಕೊಡುವುದಾಗಿ 2014ರಲ್ಲಿ ತೀರ್ಮಾನಿಸಿತು. ಇಲಿನಾಯ್ ಸ್ಟೇಟ್ ಮ್ಯೂಸಿಯಂ 2023ರಲ್ಲಿ 37 ಕಳಿಸಿತು. ನಡುವೆ ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯ ಕಳಿಸಿದ ಕಂಬಗಳು ನೈರೋಬಿ ಏರ್‌ಪೋರ್ಟ್‌ನಲ್ಲೇ ಸಿಕ್ಕಿಹಾಕಿಕೊಂಡವು. ಯಾಕೆ ಗೊತ್ತಾ? ಆಮದು ಸುಂಕ ಕಟ್ಟಿ ಅಂತ ಕಸ್ಟಮ್ಸ್‌ನವರು ಪಟ್ಟು ಹಿಡಿದರು. ಕದ್ದು ಹೊರಗೆ ಹೋಗುವಾಗ ಯಾರೂ ರಶೀದಿ ಕೇಳಲಿಲ್ಲ, ವಾಪಸ್ ಬರುವಾಗ ಇನ್‌ವಾಯ್ಸ್ ಬೇಕು. ಇದು ನಮ್ಮಲ್ಲಿ ನಡೆದಿದ್ದರೂ ನನಗೆ ಆಶ್ಚರ್ಯ ಆಗುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ತೊಡಕು, ಬಹುತೇಕ ಕಂಬಗಳು ಯಾರ ಮನೆಯವು ಅಂತ ಗೊತ್ತಿಲ್ಲದಿರುವುದು. ಆ ಎರಡರ ಅದೃಷ್ಟಕ್ಕೆ ಒಂದು ಫೋಟೊ ಇತ್ತು. ಉಳಿದವಕ್ಕೆ ಇರುವುದು ಗ್ಯಾಲರಿಯ ಬಿಲ್ಲು ಮಾತ್ರ, ಅದರಲ್ಲಿ ಊರಿನ ಹೆಸರು ಇರುವುದಿಲ್ಲ. ಡೆನ್ವರ್‌ನ ಸ್ಟೋರ್‌ರೂಮಿನಿಂದ ನೈರೋಬಿಯ ಸ್ಟೋರ್‌ರೂಮಿಗೆ ಬಂದರೆ ಅಜ್ಜನಿಗೆ ಏನು ಬದಲಾಯಿತು? ನನ್ನನ್ನು ಕೇಳಿದರೆ, ಮನೆ ಸಿಗದ ಕಂಬಗಳನ್ನು ಮಿಜಿಕೆಂಡಾ ಹಿರಿಯರ ಕೈಗೆ ಒಪ್ಪಿಸಿ, ಅವರು ಕಾಯಾ ಕಾಡಿನಲ್ಲಿ ನೆಡುತ್ತೇವೆ ಅಂದರೆ ನೆಡಲಿ, ಕೊಳೆಯಲು ಬಿಡುತ್ತೇವೆ ಅಂದರೆ ಬಿಡಲಿ. ಮ್ಯೂಸಿಯಂ ಪ್ರೀತಿಸುವವನಾಗಿ ಇದನ್ನು ಹೇಳಲು ನನಗೆ ಸಂಕಟ ಆಗುತ್ತದೆ. ಚೆನ್ನಾಗಿರುವ ಒಂದೆರಡನ್ನಾದರೂ ಇಟ್ಟುಕೊಳ್ಳಬಾರದಾ ಅನಿಸುತ್ತದೆ. ಇಟ್ಟುಕೊಳ್ಳಬಹುದು, ಅವರನ್ನು ಕೇಳಿ.

ಮತ್ತೆ ಊರಿಗೆ ಬಂದ ಆ ಎರಡು ಕಂಬಗಳ ವಿಷಯ ಹೇಳಬೇಕು. ಅವನ್ನು ಮೊದಲಿನ ಹಾಗೆ ಬಯಲಲ್ಲಿ ಬಿಡಲಿಲ್ಲ. ಮತ್ತೆ ಕದಿಯಬಾರದಲ್ಲ ಅಂತ ಸುತ್ತ ಕಬ್ಬಿಣದ ಸರಳು ಹಾಕಿ, ಪಂಜರದ ಹಾಗೆ ಮಾಡಿ, ಅದರೊಳಗೆ ನಿಲ್ಲಿಸಿದರು. ಇದನ್ನು ಓದಿ ಮೊದಲು ಬೇಜಾರಾಯಿತು. ಆಮೇಲೆ ಅನಿಸಿತು, ಬೇಜಾರು ಮಾಡಿಕೊಳ್ಳಲು ನಾನ್ಯಾರು? ಎರಡು ದಶಕ ಕಾದವರು ಅವರು, ಕಾವಲು ಹೇಗಿರಬೇಕು ಅನ್ನುವುದು ಅವರಿಗೆ ಬಿಟ್ಟದ್ದು. ಮಳೆ ಬಿಸಿಲು ಸರಳಿನೊಳಗೂ ಬರುತ್ತದೆ, ಕಳ್ಳು ಸುರಿಯುವ ಕೈಯೂ ಒಳಗೆ ಹೋಗಬಹುದು. ನನಗೆ ಕುತೂಹಲ ಇರುವುದು ಬೀಗದ ಬಗ್ಗೆ. ಕೀ ಯಾರ ಹತ್ತಿರ ಇರುತ್ತದೆ? ಹಿರಿ ಮಗನ ಹತ್ತಿರವಾ, ಊರಿನ ಹಿರಿಯರ ಹತ್ತಿರವಾ? ನಮ್ಮ ಕಡೆ ದೈವದ ಭಂಡಾರದ ಕೀಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತಿ, ವಾಯಿದೆಗೆ ಹೋದಾಗ ಒಂದೇ ಬಸ್ಸಿನಲ್ಲಿ ದೂರದೂರ ಕೂತು ಬರುವುದನ್ನು ನೋಡಿದವನು ನಾನು. ಅಲ್ಲಿ ಹಾಗಾಗದಿದ್ದರೆ ಸಾಕು.